ವಿದ್ಯುತ್ ಪ್ರಸರಣ ಸಂಸ್ಥೆಯಲ್ಲಿ ಅರಣ್ಯ ಅನುಮೋದನೆಯ ಕೆಲಸಕ್ಕೆ ಇಂಟರ್ನ್ ಆಗಿ ಸೇರಿದರೆ ಕಲಿಯಲು ಏನಿದೆ?

ಅಂತಿಮವರ್ಷ_ಅರಣ್ಯಶಾಸ್ತ್ರ:
ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ಅರಣ್ಯಶಾಸ್ತ್ರದ ಕೊನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ಪಠ್ಯಕ್ರಮದಲ್ಲಿ ಕ್ಷೇತ್ರಾನುಭವಕ್ಕಾಗಿಯೇ ಒಂದು ಅವಧಿ ಇದ್ದು, ಸಹಪಾಠಿಗಳಲ್ಲಿ ಹೆಚ್ಚಿನವರು ಅರಣ್ಯ ಇಲಾಖೆಯ ವಲಯ ಕಚೇರಿಗಳನ್ನೋ ನರ್ಸರಿಗಳನ್ನೋ ಆರಿಸಿಕೊಳ್ಳುತ್ತಿದ್ದಾರೆ. ನನಗೆ ಹೈಟೆನ್ಷನ್ ಮಾರ್ಗಗಳು ಕಾಡಿನ ಮೂಲಕ ಹಾದುಹೋಗುವಾಗ ನಡೆಯುವ ಅನುಮೋದನೆಯ ಕೆಲಸವನ್ನು ಒಳಗಿನಿಂದ ನೋಡಬೇಕೆಂಬ ಆಸೆ ಇದೆ. ಕೆಪಿಟಿಸಿಎಲ್‌ನಂತಹ ಪ್ರಸರಣ ಸಂಸ್ಥೆಗೆ ಅರ್ಜಿ ಹಾಕುವುದು ಸರಿಯೇ, ಅಥವಾ ಪರಿಸರ ಸಲಹಾ ಸಂಸ್ಥೆಯೊಂದನ್ನು ಸೇರುವುದು ಮೇಲೇ? ಎಲೆಕ್ಟ್ರಿಕಲ್ ಎಂಜಿನಿಯರುಗಳ ನಡುವೆ ಅರಣ್ಯಶಾಸ್ತ್ರದ ವಿದ್ಯಾರ್ಥಿಗೆ ಮಾಡಲು ಕೆಲಸವಿರುತ್ತದೆಯೇ? ಅನುಭವ ಇದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ನಿವೃತ್ತ_ಎಇಇ:
ನನ್ನ ಸೇವೆಯ ಬಹುಪಾಲು ಮೇಜರ್ ವರ್ಕ್ಸ್ ವಿಭಾಗಗಳಲ್ಲಿ, ಅಂದರೆ ಹೊಸ ಮಾರ್ಗ ಮತ್ತು ಉಪಕೇಂದ್ರಗಳನ್ನು ಕಟ್ಟುವ ವಿಭಾಗಗಳಲ್ಲಿ ಕಳೆಯಿತು. ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ಪರಿಸರ ಅನುಮೋದನೆ ವಿಭಾಗ ಎಂದು ಫಲಕ ಹಾಕಿಕೊಂಡ ಕಚೇರಿಯನ್ನು ನೀವು ಜಿಲ್ಲೆಗಳಲ್ಲಿ ಹುಡುಕಿದರೆ ನಿರಾಸೆಯಾಗುವುದೇ ಹೆಚ್ಚು. ಕಾಮಗಾರಿ ನೋಡಿಕೊಳ್ಳುವ ಎಇ, ಎಇಇಗಳೇ (ಸಹಾಯಕ ಮತ್ತು ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರುಗಳೇ) ಅರಣ್ಯ ಇಲಾಖೆಯ ಕಡತಗಳನ್ನೂ ಹೊತ್ತು ಓಡಾಡುತ್ತಿರುತ್ತಾರೆ. ಅವರಿಗೆ ಟವರಿನ ಅಡಿಪಾಯ, ಕಂಡಕ್ಟರಿನ ಅಂದರೆ ತಂತಿಯ ಜೋಲು, ಗುತ್ತಿಗೆದಾರರ ಬಿಲ್ಲು ಎಲ್ಲವೂ ಚೆನ್ನಾಗಿ ಗೊತ್ತು. ಮತ್ತಿ ಮರಕ್ಕೂ ಕಿಂದಳಕ್ಕೂ ಇರುವ ವ್ಯತ್ಯಾಸ ಗೊತ್ತಿರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ನಿಮ್ಮಂತಹವರಿಗೆ ಜಾಗವಿರುವುದು ಅಲ್ಲಿಯೇ.

ಆದರೆ ಯಾವ ಹಂತದಲ್ಲಿ ಸೇರುತ್ತೀರಿ ಎಂಬುದರ ಮೇಲೆ ನಿಮ್ಮ ಕಲಿಕೆ ನಿಂತಿದೆ. ಅರ್ಜಿಯು ಪರಿವೇಶ್ ಪೋರ್ಟಲ್ಲಿಗೆ, ಅಂದರೆ ಇಂತಹ ಅನುಮೋದನೆಗಳಿಗೆ ಅರ್ಜಿ ಹಾಕುವ ಕೇಂದ್ರದ ಜಾಲತಾಣಕ್ಕೆ ಏರುವ ಹೊತ್ತಿಗೆ ಕಾಡಿನ ಮಟ್ಟಿಗೆ ಮುಖ್ಯವಾದ ತೀರ್ಮಾನಗಳೆಲ್ಲ ಬಹುತೇಕ ಆಗಿಹೋಗಿರುತ್ತವೆ. ಆ ಮೇಲೆ ಉಳಿಯುವುದು ಲೆಕ್ಕ: ಎಷ್ಟು ಹೆಕ್ಟೇರು, ಎಷ್ಟು ಮರ, ಎಷ್ಟು ಹಣ. 220 ಕೆವಿ ಮಾರ್ಗಕ್ಕೆ 35 ಮೀಟರ್ ಅಗಲದ ಕಾರಿಡಾರ್, ಅಂದರೆ ತಂತಿಗಳ ಕೆಳಗಿನ ನೆಲದ ಪಟ್ಟಿ ಬೇಕು, ಅಂದರೆ ಕಾಡಿನೊಳಗೆ ಒಂದು ಕಿಲೋಮೀಟರ್ ಸಾಗಿದರೆ ಮೂರೂವರೆ ಹೆಕ್ಟೇರು. 110 ಕೆವಿಗೆ 22 ಮೀಟರ್, 66 ಕೆವಿಗೆ 18 ಮೀಟರ್. ಈ ಗುಣಾಕಾರವನ್ನು ಯಾರು ಬೇಕಾದರೂ ಮಾಡಬಹುದು. ಆ ಒಂದು ಕಿಲೋಮೀಟರ್ ಎಲ್ಲಿ ಬೀಳಬೇಕು, ನಿತ್ಯಹರಿದ್ವರ್ಣದ ಕಣಿವೆಯಲ್ಲೋ, ಈಗಾಗಲೇ ಅಕೇಶಿಯಾ ನೆಟ್ಟ ಇಳಿಜಾರಿನಲ್ಲೋ ಎಂಬುದನ್ನು ನಿರ್ಧರಿಸುವುದು ಮಾರ್ಗದ ಆಯ್ಕೆ. ಕಾಡನ್ನು ತಪ್ಪಿಸಲು ಸಾಧ್ಯವೇ ಇಲ್ಲದಿದ್ದಾಗ ಆದಷ್ಟು ಕಡಿಮೆ ಮರ ಕಡಿಯುವ ಹಾಗೆ ಮಾರ್ಗವನ್ನು ಎಳೆಯಬೇಕೆಂದು ಕೇಂದ್ರ ಸಚಿವಾಲಯದ ಮಾರ್ಗಸೂಚಿಯೂ ಹೇಳುತ್ತದೆ. ಕಡತದಲ್ಲಿ ಸಾಮಾನ್ಯವಾಗಿ ಮೂರು ಪರ್ಯಾಯ ಮಾರ್ಗಗಳ ನಕ್ಷೆ ಇರುತ್ತದೆ. ಆ ಮೂರರಲ್ಲಿ ಎರಡು, ಮೊದಲೇ ಆರಿಸಿಕೊಂಡ ಒಂದನ್ನು ಸಮರ್ಥಿಸಲು ಬರೆದವೋ, ನಿಜವಾಗಿ ಪರಿಶೀಲಿಸಿದವೋ ಎಂಬುದು ಕಚೇರಿಯಿಂದ ಕಚೇರಿಗೆ ಬದಲಾಗುತ್ತದೆ. ಆದ್ದರಿಂದ ಪ್ರಾಥಮಿಕ ಸರ್ವೆ ನಡೆಯುತ್ತಿರುವ ಕಾಮಗಾರಿಯೊಂದಕ್ಕೆ ನಿಮ್ಮನ್ನು ಹಾಕಿಸಿಕೊಳ್ಳಿ.

ಎಂಜಿನಿಯರುಗಳ ಕಷ್ಟವನ್ನೂ ಹೇಳಬೇಕು. ಮಾರ್ಗ ತಿರುಗುವ ಕಡೆಯಲ್ಲೆಲ್ಲ ಆಂಗಲ್ ಟವರ್ ಬೇಕು. ನೇರ ಸಾಗುವ ಮಾರ್ಗದ ಟವರಿಗಿಂತ ಅದಕ್ಕೆ ಹೆಚ್ಚು ಉಕ್ಕು, ಹೆಚ್ಚು ಕಾಂಕ್ರೀಟು ಹಿಡಿಯುತ್ತದೆ. ಕಾಡನ್ನು ಬಳಸಿಕೊಂಡು ಹೋಗುವ ಪ್ರತಿಯೊಂದು ತಿರುವೂ ಅಂದಾಜುಪಟ್ಟಿಯಲ್ಲಿ ಎದ್ದು ಕಾಣುವಾಗ ನೇರಗೆರೆಯ ಮೋಹ ಬಿಡುವುದು ಸುಲಭವಲ್ಲ. ಇನ್ನೊಂದು ಕಡೆ, ಮಲೆನಾಡಿನಲ್ಲಿ ಎರಡು ಗುಡ್ಡದ ನೆತ್ತಿಗಳ ಮೇಲೆ ಟವರ್ ನಿಲ್ಲಿಸಿದರೆ ನಡುವಿನ ಕಣಿವೆಯ ಮರಗಳು ಕಂಡಕ್ಟರಿಗಿಂತ ಎಷ್ಟೋ ಕೆಳಗೆ ಉಳಿಯುತ್ತವೆ, ಅವುಗಳನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಮಾರ್ಗದ ಉದ್ದಕ್ಕೂ ನೆಲದ ಏರಿಳಿತ ತೋರಿಸುವ ನಕ್ಷೆಯಲ್ಲಿ ಮರಗಳ ಎತ್ತರವನ್ನೂ ಗುರುತಿಸಿದರೆ ಮಾತ್ರ ಇದು ಕಾಣಿಸುತ್ತದೆ. ಅರಣ್ಯಶಾಸ್ತ್ರ ಓದಿದವರು ಮಾಡಬಹುದಾದ ಅಚ್ಚುಕಟ್ಟಾದ ಕೆಲಸ ಅದು.

ಕನ್ಸಲ್ಟೆಂಟ್_ಬೆಂಗಳೂರು:
ಮೇಲಿನವರ ಮಾತನ್ನು ಗೌರವಿಸುತ್ತಲೇ ಸ್ವಲ್ಪ ತಣ್ಣೀರು ಎರಚಬೇಕಾಗಿದೆ. ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ವಿದ್ಯುತ್ ಸಂಸ್ಥೆಯಲ್ಲಿ ಇಂಟರ್ನ್ ಆಗಿದ್ದೆ, ಹೆಸರು ಬೇಡ. ಬಂದ ಪತ್ರಗಳನ್ನು ಸ್ಕ್ಯಾನ್ ಮಾಡುವುದು, ಮಾರ್ಗದ ಡಿಜಿಟಲ್ ನಕ್ಷೆಯ ಕೆಎಂಎಲ್ ಕಡತದ ಹೆಸರು ಬದಲಿಸಿ ಮತ್ತೆ ಏರಿಸುವುದು, ಆಕ್ಷೇಪಣೆಗೆ ಉತ್ತರ ಬರೆದ ಪತ್ರಕ್ಕೆ ಸಹಿ ಮಾಡಿಸಲು ಕಾಯುವುದು, ಇಷ್ಟರಲ್ಲೇ ಅವಧಿ ಮುಗಿಯಿತು. ಕಾಡಿಗೆ ಕಾಲಿಡಲಿಲ್ಲ. ಎನ್‌ಎಬಿಇಟಿ ಎಂಬ ಮಂಡಳಿಯ ಮಾನ್ಯತೆ ಪಡೆದ ಸಲಹಾ ಸಂಸ್ಥೆಗಳಲ್ಲಿ ಪರಿಸರ ಮತ್ತು ಜೀವವೈವಿಧ್ಯಕ್ಕೆ, ಭೂಬಳಕೆಗೆ, ಜಲವಿಜ್ಞಾನಕ್ಕೆ ತಜ್ಞರು ಇರುತ್ತಾರೆ. ಅವರ ಕೈಕೆಳಗೆ ಕೆಲಸ ಮಾಡಿದರೆ ಗಣಿ, ಅಣೆಕಟ್ಟೆ, ಕಾರ್ಖಾನೆ ಎಂದು ನಾಲ್ಕಾರು ಬಗೆಯ ಯೋಜನೆಗಳನ್ನು ನೋಡುವ ಅವಕಾಶ ಸಿಗುತ್ತದೆ.

ನಿವೃತ್ತ_ಎಇಇ:
ನೀವು ಹೇಳುವುದು ಸುಳ್ಳಲ್ಲ, ಎಷ್ಟೋ ಕಚೇರಿಗಳಲ್ಲಿ ಇಂಟರ್ನ್ ಎಂದರೆ ಸಂಬಳವಿಲ್ಲದ ಟೈಪಿಸ್ಟ್ ಎಂಬ ಭಾವನೆ ಇದೆ. ಆದರೆ ಸಲಹಾ ಸಂಸ್ಥೆಯನ್ನು ಕರೆಯುವ ಹೊತ್ತಿಗೆ ಮಾರ್ಗ ಬಹುಮಟ್ಟಿಗೆ ಗೊತ್ತಾಗಿರುತ್ತದೆ, ಅವರು ವರದಿ ಬರೆಯುವುದು ಆ ಗೆರೆಯ ಮೇಲೆಯೇ. ಗೆರೆಯನ್ನು ಎಳೆಯುವವರ ಪಕ್ಕದಲ್ಲಿ ಕುಳಿತು ನೋಡುವ ಅವಕಾಶ ಯೋಜನೆಯ ಒಡೆತನ ಇರುವ ಸಂಸ್ಥೆಯಲ್ಲಿ ಮಾತ್ರ ಸಾಧ್ಯ.

ಅಂತಿಮವರ್ಷ_ಅರಣ್ಯಶಾಸ್ತ್ರ:
ಇಬ್ಬರಿಗೂ ಧನ್ಯವಾದಗಳು ಸರ್. ಒಂದು ಸಂದೇಹ. ಪ್ರಸರಣ ಮಾರ್ಗಕ್ಕೆ ಪರಿಸರ ಪರಿಣಾಮ ಅಂದಾಜು ವರದಿ ಮಾಡಿಸಬೇಕಲ್ಲವೇ? ಅದರಲ್ಲಿಯೇ ಪರ್ಯಾಯ ಮಾರ್ಗಗಳ ವಿಶ್ಲೇಷಣೆಯೂ ಸಾರ್ವಜನಿಕ ಅಹವಾಲು ಸಭೆಯೂ ಬರುತ್ತವೆ ಎಂದು ನಾನು ಭಾವಿಸಿದ್ದೆ.

ಕನ್ಸಲ್ಟೆಂಟ್_ಬೆಂಗಳೂರು:
ಇಲ್ಲ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಅನುಸೂಚಿಯಲ್ಲಿ ಜಲವಿದ್ಯುತ್ ಮತ್ತು ಉಷ್ಣ ವಿದ್ಯುತ್ ಯೋಜನೆಗಳಿವೆ, ಪ್ರಸರಣ ಮಾರ್ಗಗಳಿಲ್ಲ. ಆದ್ದರಿಂದ ಶರಾವತಿ ಕಣಿವೆಯಲ್ಲಿ ರಾಜ್ಯದ ವಿದ್ಯುತ್ ಉತ್ಪಾದನಾ ನಿಗಮವಾದ ಕೆಪಿಸಿಎಲ್ ಕೈಗೆತ್ತಿಕೊಂಡ 2000 ಮೆಗಾವಾಟಿನ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಗೆ ಪರಿಸರ ಅನುಮೋದನೆ ಬೇಕು. ಅಲ್ಲಿನ ವಿದ್ಯುತ್ತನ್ನು ಹೊರಗೆ ಸಾಗಿಸುವ ಮಾರ್ಗಕ್ಕೆ ಮಾತ್ರ ಆ ಅಧಿಸೂಚನೆಯ ಅಡಿಯಲ್ಲಿ ಪ್ರತ್ಯೇಕ ಅನುಮೋದನೆ ಬೇಕಿಲ್ಲ. ಮಾರ್ಗವು ಅರಣ್ಯಭೂಮಿಯನ್ನು ಮುಟ್ಟಿದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ, ಅಭಯಾರಣ್ಯವನ್ನು ಮುಟ್ಟಿದರೆ 1972ರ ವನ್ಯಜೀವಿ ಕಾಯ್ದೆಯಂತೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಮುಂದೆಯೂ ಹೋಗಬೇಕಾಗುತ್ತದೆ. ಅರಣ್ಯ ಕಾಯ್ದೆಯ ಹೆಸರು 2023ರ ತಿದ್ದುಪಡಿಯಿಂದ ಬದಲಾಗಿದೆ. ವನ್ (ಸಂರಕ್ಷಣ್ ಏವಂ ಸಂವರ್ಧನ್) ಅಧಿನಿಯಮ ಎಂಬ ಹೊಸ ಹೆಸರು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದ್ದರೂ ಕಚೇರಿಗಳಲ್ಲಿ ಎಲ್ಲರೂ ಈಗಲೂ ಹಳೆಯ ಇಂಗ್ಲಿಷ್ ಹೆಸರನ್ನು ಚುಟುಕುಮಾಡಿ ಎಫ್‌ಸಿ ಎಂದೇ ಹೇಳುತ್ತಾರೆ. ಒಂದನೇ ಹಂತದ ತಾತ್ವಿಕ ಒಪ್ಪಿಗೆ, ಷರತ್ತುಗಳ ಪಾಲನೆ, ಎರಡನೇ ಹಂತದ ಅಂತಿಮ ಒಪ್ಪಿಗೆ, ಇದು ಕ್ರಮ. ಮಾರ್ಗ, ರಸ್ತೆಗಳಂತಹ ಉದ್ದನೆಯ ಯೋಜನೆಗಳ ಕಡತ ದೆಹಲಿಗೆ ಹೋಗದೆ ಬೆಂಗಳೂರಿನಲ್ಲಿರುವ ಸಚಿವಾಲಯದ ಪ್ರಾದೇಶಿಕ ಕಚೇರಿಯಲ್ಲಿಯೇ ಪರಿಶೀಲನೆಯಾಗುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಒಂದು ಕಹಿ ಸತ್ಯವಿದೆ. ಇಂತಹ ಮಾರ್ಗಗಳಿಗೆ ಅಹವಾಲು ಸಭೆ ಕಡ್ಡಾಯವಿಲ್ಲ. 2013ರ ಫೆಬ್ರವರಿ 5ರ ಸುತ್ತೋಲೆಯಂತೆ ಉದ್ದನೆಯ ಯೋಜನೆಗಳಿಗೆ ಗ್ರಾಮಸಭೆಯ ಒಪ್ಪಿಗೆಯಿಂದಲೂ, ಕೆಲವು ಬುಡಕಟ್ಟು ಸಮುದಾಯಗಳ ಪ್ರಸಂಗವನ್ನು ಬಿಟ್ಟರೆ, ವಿನಾಯಿತಿ ಸಿಕ್ಕಿದೆ. ಹಾಗಾಗಿ ನಿವೃತ್ತ ಎಇಇಯವರ ವಾದವನ್ನು ಇಷ್ಟರ ಮಟ್ಟಿಗೆ ನಾನೂ ಒಪ್ಪುತ್ತೇನೆ: ಬೇರೆ ಯೋಜನೆಗಳಲ್ಲಿ ಪರ್ಯಾಯಗಳ ಪ್ರಶ್ನೆ ಹೊರಗಿನವರ ಮುಂದೆ ಒಮ್ಮೆಯಾದರೂ ಚರ್ಚೆಗೆ ಬರುತ್ತದೆ, ಇಲ್ಲಿ ಅದು ಸಂಸ್ಥೆಯ ಒಳಗೇ ಮುಗಿಯುತ್ತದೆ.

ಉಪವಲಯ_ಉತ್ತರಕನ್ನಡ:
ನಾನು ಅರಣ್ಯ ಇಲಾಖೆಯವನು. ಪ್ರಸರಣ ಸಂಸ್ಥೆಯವರ ಜೊತೆ ಜಂಟಿ ಸರ್ವೆಗೆ ಹೋಗುವುದು ನಮ್ಮ ಕೆಲಸದ ಭಾಗ. ವಿದ್ಯಾರ್ಥಿನಿಯವರಿಗೆ ಮರ ಎಣಿಕೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ, ಏಕೆಂದರೆ ಇದನ್ನು ಹಗುರವಾಗಿ ಕಾಣುವವರೇ ಹೆಚ್ಚು. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆಯಬೇಕೆಂದು ನೀವು ಓದಿರುತ್ತೀರಿ. ಇಳಿಜಾರಿನಲ್ಲಿ ಆ ಎತ್ತರವನ್ನು ಮೇಲ್ಬದಿಯ ನೆಲದಿಂದ ಹಿಡಿಯಬೇಕು. ಬುಡದಲ್ಲಿಯೇ ಕವಲೊಡೆದ ಮರವನ್ನು ಎರಡೆಂದು ಬರೆಯಬೇಕು, ಹಲಗೆಬೇರು ಚಾಚಿದ ಮರವನ್ನು ಆ ಬೇರು ಮುಗಿಯುವುದಕ್ಕಿಂತ ಮೇಲೆ ಅಳೆಯಬೇಕು. ಟೇಪು ಹಿಡಿದವನು ಮಳೆಗೆ ಜಾರುವ ನೆಲದಲ್ಲಿ ಕೆಳಬದಿಗೆ ನಿಂತುಕೊಂಡು ತನ್ನ ಎದೆಯ ಮಟ್ಟಕ್ಕೆ ಸುತ್ತಿಬಿಟ್ಟರೆ ಅಳತೆಯೇ ತಪ್ಪಾಗಿ, ಮರ ಬೇರೆ ಸುತ್ತಳತೆಯ ವರ್ಗಕ್ಕೆ ಸೇರಿಬಿಡುತ್ತದೆ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಸೀಳಿರುತ್ತದೆ, ಕಿಂದಳದ್ದು ಅಷ್ಟು ಆಳವಾಗಿ ಸೀಳಿರುವುದಿಲ್ಲ; ಎಲೆ ಉದುರಿದ ಕಾಲದಲ್ಲಿ ಎಳೆಯ ಮರಗಳನ್ನು ನೋಡುವಾಗ ನಮ್ಮ ಗಾರ್ಡುಗಳೇ ಒಂದು ಕ್ಷಣ ನಿಂತು ಉಗುರಿನಿಂದ ಕೆರೆದು ನೋಡುತ್ತಾರೆ.

ಇನ್ನು ಪಟ್ಟಿಯಲ್ಲಿ ಬಾರದ ಸಂಗತಿಗಳು. ಸಿದ್ದಾಪುರದ ಕತ್ತಲೆಕಾನಿನಂತಹ ಕಡೆ ರಾಮಪತ್ರೆಯ ಜಡ್ಡಿಗಳಿವೆ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡುಗಳು. ನೀರು ನಿಂತ ಕಪ್ಪು ಮಣ್ಣಿನಿಂದ ಬೇರುಗಳು ಮಂಡಿಯಂತೆ ಬಾಗಿ ಮೇಲೆದ್ದಿರುತ್ತವೆ. ಎಣಿಕೆಯ ಪಟ್ಟಿಯಲ್ಲಿ ಅಂತಹ ಜಾಗವೂ ಕೆಲವು ಸಾಲುಗಳು ಮಾತ್ರ, ಜಾತಿ ಮತ್ತು ಸುತ್ತಳತೆ. ಅಲ್ಲಿ ಜಡ್ಡಿ ಇದೆ ಎಂದು ನಕ್ಷೆಯ ಮೇಲೆ ಗುರುತು ಹಾಕಲು ನಮೂನೆಯಲ್ಲಿ ಕೋಶವಿಲ್ಲ, ಗುರುತಿಸಬಲ್ಲವರು ಸರ್ವೆ ತಂಡದಲ್ಲಿ ಇದ್ದರೆ ಷರಾ ಬರೆಯಬಹುದು. ಟವರನ್ನು ನೂರು ಅಡಿ ಆಚೆಗೆ ಸರಿಸಲು ಅಂತಹ ಒಂದು ಷರಾ ಸಾಕಾಗುತ್ತದೆ, ಮಾರ್ಗ ಅಂತಿಮವಾಗುವ ಮೊದಲು ಬಂದರೆ.

ಅಡಿಕೆತೋಟ:
ಕಾಡಿನ ಮಾತಿನ ನಡುವೆ ರೈತರನ್ನು ಮರೆಯಬಾರದು. ನಮ್ಮ ತೋಟದ ಮೇಲೆ ಒಂದು ಮಾರ್ಗ ಹಾದುಹೋಗಿದೆ. ಕಾಡನ್ನು ತಪ್ಪಿಸಿದ ಗೆರೆ ಗಾಳಿಯಲ್ಲಿ ಹೋಗುವುದಿಲ್ಲ, ಯಾರದೋ ಜಮೀನಿನ ಮೇಲೆ ಬೀಳುತ್ತದೆ. ಪ್ರಸರಣ ಮಾರ್ಗಕ್ಕೆ ಭೂಸ್ವಾಧೀನವಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನು 2003ರ ವಿದ್ಯುಚ್ಛಕ್ತಿ ಕಾಯ್ದೆಯ 164ನೇ ಕಲಮಿನ ಮೂಲಕ ಪಡೆದುಕೊಂಡು ಬಂದವರು ಹಾನಿಗೆ ಪರಿಹಾರ ಕೊಡುತ್ತಾರೆ, ಜಮೀನು ನಮ್ಮ ಹೆಸರಿನಲ್ಲಿಯೇ ಉಳಿಯುತ್ತದೆ, ಆದರೆ ತಂತಿಯ ಕೆಳಗೆ ಎತ್ತರದ ಬೆಳೆಯನ್ನು ಮತ್ತೆ ಹಾಕುವಂತಿಲ್ಲ. ಕೇಂದ್ರದ ವಿದ್ಯುತ್ ಸಚಿವಾಲಯ 2015ರಲ್ಲಿ ಟವರಿನ ಜಾಗಕ್ಕೆ ಜಮೀನಿನ ಬೆಲೆಯ ಶೇ. 85, ಕಾರಿಡಾರಿಗೆ ಗರಿಷ್ಠ ಶೇ. 15 ಎಂದಿತ್ತು; 2024ರ ಜೂನ್ ತಿಂಗಳ ಮಾರ್ಗಸೂಚಿಯಲ್ಲಿ ಅದು ಶೇ. 200 ಮತ್ತು ಶೇ. 30 ಆಗಿದೆ. ಮಾರ್ಗಸೂಚಿ ಎಂದರೆ ಅದನ್ನು ರಾಜ್ಯ ಒಪ್ಪಿಕೊಂಡು ಆದೇಶ ಹೊರಡಿಸಬೇಕು, ಆ ಮೇಲೆ ಬೆಲೆ ಯಾವುದು ಎಂಬ ಜಗಳ ಬೇರೆ. ವಿದ್ಯಾರ್ಥಿನಿಯವರು ಇಂಟರ್ನ್ ಆಗಿ ಹೋದರೆ ಜಿಲ್ಲಾಧಿಕಾರಿಯವರ ಮುಂದೆ ನಡೆಯುವ ಪರಿಹಾರದ ವಿಚಾರಣೆಯಲ್ಲಿ ಒಮ್ಮೆ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಲಿ.

ಉಪವಲಯ_ಉತ್ತರಕನ್ನಡ:
ತೋಟದವರ ಮಾತು ನ್ಯಾಯವಾದದ್ದು. ಅದಕ್ಕೆ ಹೊಂದಿಕೊಂಡಂತೆ ಇನ್ನೊಂದು ತೊಡಕು ಇದೆ. ಯಾವುದು ಕಾಡು, ಯಾವುದು ಅಲ್ಲ ಎಂಬುದು ನಮ್ಮ ಜಿಲ್ಲೆಗಳಲ್ಲಿ ಪಹಣಿ ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ನಮ್ಮಲ್ಲಿ ಸೊಪ್ಪಿನ ಬೆಟ್ಟ, ಶಿವಮೊಗ್ಗದ ಕಡೆ ಕಾನು, ಕೊಡಗಿನಲ್ಲಿ ಬಾಣೆ, ದಕ್ಷಿಣ ಕನ್ನಡದಲ್ಲಿ ಕುಮ್ಕಿ, ಒಂದೊಂದರ ಕಾನೂನು ಸ್ಥಿತಿಯೂ ಬೇರೆ. ಅದರ ಮೇಲೆ ಮೀಸಲು ಅರಣ್ಯ ಮಾಡುವ ಇಂಗಿತದ 4ನೇ ಕಲಮಿನ ಅಧಿಸೂಚನೆಯಾಗಿ ಮುಂದುವರಿಯದೆ ಉಳಿದ ಪ್ರದೇಶಗಳು, ಡೀಮ್ಡ್ ಫಾರೆಸ್ಟ್ (ಅರಣ್ಯವೆಂದು ಪರಿಗಣಿಸಿದ ಭೂಮಿ) ಪಟ್ಟಿಗಳು. ದಾಖಲೆಯ ಒಡೆತನ ಯಾರದ್ದೇ ಇರಲಿ, ಅರಣ್ಯ ಎಂಬ ಪದದ ಸಾಮಾನ್ಯ ಅರ್ಥಕ್ಕೆ ಹೊಂದುವ ಭೂಮಿಗೆಲ್ಲ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಹೇಳಿತು; 2023ರ ತಿದ್ದುಪಡಿಯ ನಂತರವೂ ಸದ್ಯಕ್ಕೆ ಅದನ್ನೇ ಅನುಸರಿಸಬೇಕೆಂದು 2024ರ ಫೆಬ್ರವರಿಯಲ್ಲಿ ಮಧ್ಯಂತರ ಆದೇಶ ಕೊಟ್ಟಿದೆ. ಅರಣ್ಯವಲ್ಲ ಎಂದುಕೊಂಡು ಟವರ್ ಗುರುತು ಹಾಕಿ, ಕೆಲಸ ಅರ್ಧಕ್ಕೆ ಬಂದ ಮೇಲೆ ಅರಣ್ಯವೆಂದು ತಿಳಿದು ನಿಂತ ಕಾಮಗಾರಿಗಳನ್ನು ನೋಡಿದ್ದೇನೆ. ಕಂದಾಯ ನಕ್ಷೆ, ಅರಣ್ಯ ನಕ್ಷೆ, ಸರ್ವೆ ಆಫ್ ಇಂಡಿಯಾದ ಟೋಪೊಶೀಟು, ಈ ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡುವುದನ್ನು ಕಲಿತ ವಿದ್ಯಾರ್ಥಿಗೆ ಎಲ್ಲಿ ಹೋದರೂ ಕೆಲಸವಿದೆ.

ಓಹಾಯೋ_ಕನ್ನಡಿಗ:
ನಾನು ಅಮೆರಿಕದ ಮಧ್ಯಪಶ್ಚಿಮ ಭಾಗದ ವಿದ್ಯುತ್ ಕಂಪನಿಯೊಂದರ ಪರಿಸರ ಅನುಮತಿ ವಿಭಾಗದಲ್ಲಿದ್ದೇನೆ. ಸ್ನಾತಕೋತ್ತರ ಓದುವಾಗ ಬೇಸಿಗೆಯ ಇಂಟರ್ನ್ ಆಗಿಯೇ ಸೇರಿದ್ದು. ಇಲ್ಲಿ ಇಂತಹ ವಿಭಾಗಗಳು ಪ್ರತ್ಯೇಕವಾಗಿ ಇವೆ, ಇಂಟರ್ನ್‌ಗಳಿಗೆ ಗಂಟೆಯ ಲೆಕ್ಕದಲ್ಲಿ ಸಂಬಳವೂ ಇದೆ. ಬೇಸಿಗೆಯಲ್ಲಿ ತೆಗೆದುಕೊಳ್ಳುವುದಕ್ಕೆ ಕಾರಣ, ಜೌಗುಭೂಮಿಯ ಎಲ್ಲೆಯನ್ನು ಗುರುತಿಸಲು ಗಿಡಗಳು ಬೆಳೆಯುವ ಕಾಲವೇ ಅನುಕೂಲ. ಸೇನೆಯ ಎಂಜಿನಿಯರುಗಳ ದಳ 1987ರಲ್ಲಿ ಹೊರಡಿಸಿದ ಕೈಪಿಡಿಯಂತೆ ಸಸ್ಯ, ಮಣ್ಣು, ನೀರು ಈ ಮೂರರ ಗುರುತುಗಳೂ ಸಿಗಬೇಕು. ಗುದ್ದಲಿಯಿಂದ ಗುಂಡಿ ತೆಗೆದು, ಒದ್ದೆ ಮಣ್ಣಿನ ಹೆಂಟೆಯನ್ನು ಮುನ್ಸೆಲ್ ಬಣ್ಣದ ಪುಸ್ತಕದ ಪಕ್ಕದಲ್ಲಿ ಹಿಡಿದು ಬೂದು ಎಷ್ಟು, ತುಕ್ಕುಗೆಂಪು ಎಷ್ಟು ಎಂದು ಬರೆದುಕೊಳ್ಳುವುದೇ ಇಂಟರ್ನ್‌ಗಳ ಬೇಸಿಗೆಯ ಕೆಲಸ. ಟವರಿನ ದಾರಿಗಾಗಿ ಕೇಂದ್ರ ಸರ್ಕಾರದ ವ್ಯಾಪ್ತಿಗೆ ಬರುವ ಜೌಗಿನಲ್ಲಿ ಮಣ್ಣು ತುಂಬಿದರೆ ಶುದ್ಧ ಜಲ ಕಾಯ್ದೆಯ 404ನೇ ಕಲಮಿನ ಅನುಮತಿ ಬೇಕು, ಒಂದು ಎಕರೆ ಅಥವಾ ಹೆಚ್ಚು ನೆಲ ಕದಡಿದರೆ ಮಳೆನೀರಿನ ಅನುಮತಿ ಬೇಕು. ಉತ್ತರದ ಉದ್ದಕಿವಿ ಬಾವಲಿ 2023ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿದ ಮೇಲೆ, ಅವು ಮರಗಳಲ್ಲಿ ಮರಿ ಸಾಕುವ ತಿಂಗಳುಗಳಲ್ಲಿ ಮರ ಕಡಿಯದಂತೆ ಕಾಮಗಾರಿಯ ವೇಳಾಪಟ್ಟಿಯನ್ನೇ ಹೊಂದಿಸಿಕೊಳ್ಳುತ್ತೇವೆ.

ಎಲ್ಲವೂ ಇಲ್ಲಿ ಚೆನ್ನ ಎನ್ನುತ್ತಿಲ್ಲ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ರಾಜ್ಯಗಳೂ ಕೆನಡಾದ ಒಂಟಾರಿಯೋ ಪ್ರಾಂತವೂ ಕತ್ತಲಾದದ್ದಕ್ಕೆ ಓಹಾಯೋದ ಮಾರ್ಗಗಳು ಮರಗಳಿಗೆ ತಗುಲಿದ್ದೂ ಒಂದು ಮುಖ್ಯ ಕಾರಣ. ಆ ಮೇಲೆ ದೊಡ್ಡ ಮಾರ್ಗಗಳ ಕೆಳಗಿನ ಗಿಡಮರಗಳ ನಿರ್ವಹಣೆಗೆ ಕಡ್ಡಾಯ ಮಾನದಂಡ ಬಂದು, ಕಂಪನಿಗಳು ದಂಡಕ್ಕೆ ಹೆದರಿ ಬೇಕಾದ್ದಕ್ಕಿಂತ ಹೆಚ್ಚು ಸವರಿಹಾಕುವುದೂ ಉಂಟು. ಇಲ್ಲಿಗೆ ಓದಲು ಬರುವ ಕನ್ನಡದ ಮಕ್ಕಳಿಗೆ ಒಂದು ಸೂಚನೆ: ಎಫ್-1 ವೀಸಾದಲ್ಲಿ ಓದುತ್ತಿರುವಾಗಲೇ ಇಂತಹ ಇಂಟರ್ನ್‌ಶಿಪ್ ಮಾಡಲು ವಿಶ್ವವಿದ್ಯಾಲಯದಿಂದ ಸಿಪಿಟಿ (ಪಠ್ಯಕ್ರಮದ ಭಾಗವಾದ ತರಬೇತಿ) ಒಪ್ಪಿಗೆಯನ್ನು ಕೆಲಸ ಶುರುವಾಗುವ ಮೊದಲೇ ಪಡೆದಿರಬೇಕು.

ಅಂತಿಮವರ್ಷ_ಅರಣ್ಯಶಾಸ್ತ್ರ:
ಇಷ್ಟು ವಿವರವಾಗಿ ಬರೆಯುತ್ತೀರೆಂದು ನಿರೀಕ್ಷಿಸಿರಲಿಲ್ಲ. ನಮ್ಮಲ್ಲಿ ಭತ್ಯೆಯ ವಿಷಯ ಹೇಗೆ? ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ 5,000 ರೂಪಾಯಿ ಎಂದು ಕೇಳಿದ್ದೇನೆ.

ಕನ್ಸಲ್ಟೆಂಟ್_ಬೆಂಗಳೂರು:
2024ರ ಅಕ್ಟೋಬರಿನಲ್ಲಿ ಶುರುವಾದಾಗ ಅದರ ಷರತ್ತುಗಳಂತೆ ಪೂರ್ಣಾವಧಿ ಓದುತ್ತಿರುವವರಿಗೆ ಅರ್ಹತೆ ಇರಲಿಲ್ಲ, ಅವಧಿಯೂ ಒಂದು ವರ್ಷ. ಆ ಷರತ್ತುಗಳೇ ಇದ್ದರೆ ನಿಮಗೆ ಅದು ಹೊಂದುವುದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಪದವೀಧರ ತರಬೇತಿ ಪದವಿ ಮುಗಿದ ಮೇಲಿನದು. ಕಾಲೇಜಿನ ಪತ್ರ ಹಿಡಿದು ಹೋಗುವ ಇಂಟರ್ನ್‌ಗೆ ಭತ್ಯೆ ಸಿಗುವುದಿಲ್ಲ ಎಂದು ತಿಳಿದುಕೊಂಡೇ ಹೊರಡುವುದು ಒಳ್ಳೆಯದು, ಸಿಕ್ಕರೆ ಸಂತೋಷ. ವಸತಿ ಮತ್ತು ಓಡಾಟದ ವ್ಯವಸ್ಥೆಯನ್ನು ಮಾತ್ರ ಮೊದಲೇ ಕೇಳಿ ಬರಹದಲ್ಲಿ ಪಡೆಯಿರಿ.

ಅಂತಿಮವರ್ಷ_ಅರಣ್ಯಶಾಸ್ತ್ರ:
ಹಾಗಾದರೆ ಪ್ರಸರಣ ಸಂಸ್ಥೆಗೇ ಪತ್ರ ಬರೆಯುತ್ತೇನೆ. ನಿವೃತ್ತ ಎಇಇ ಸರ್, ಪತ್ರ ಯಾರಿಗೆ, ಏನೆಂದು ಬರೆಯಬೇಕು?

ನಿವೃತ್ತ_ಎಇಇ:
ಕೆಪಿಟಿಸಿಎಲ್ ಕೇಂದ್ರ ಕಚೇರಿಯಾದ ಬೆಂಗಳೂರಿನ ಕಾವೇರಿ ಭವನಕ್ಕೆ ಒಂದು ಪ್ರತಿ ಕಳಿಸಿ, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ನಿಮಗೆ ಬೇಕಾದ ಜಿಲ್ಲೆಯ ಮೇಜರ್ ವರ್ಕ್ಸ್ ವಿಭಾಗದ ಕಾರ್ಯನಿರ್ವಾಹಕ ಎಂಜಿನಿಯರನ್ನು ಕಾಲೇಜಿನ ಡೀನರ ಪತ್ರದೊಂದಿಗೆ ಖುದ್ದಾಗಿ ಭೇಟಿಯಾಗಿ. ಹೋಗುವ ಮೊದಲು ಪರಿವೇಶ್ ಪೋರ್ಟಲ್ಲಿನಲ್ಲಿ ಆ ಜಿಲ್ಲೆಯ ಪ್ರಸರಣ ಮಾರ್ಗದ ಪ್ರಸ್ತಾವನೆಗಳನ್ನು ಹುಡುಕಿ, ಒಂದನ್ನು ಪೂರ್ತಿ ಓದಿಕೊಂಡು ಹೋಗಿ. ಅರ್ಜಿಯ ದಾಖಲೆಗಳಲ್ಲಿ ಎಷ್ಟೋ ಅಲ್ಲಿ ಸಾರ್ವಜನಿಕರಿಗೂ ಸಿಗುತ್ತವೆ. ಗೋವಾ–ತಮ್ನಾರ್ ವಿದ್ಯುತ್ ಪ್ರಸರಣ ಯೋಜನೆಯ ಕಥೆಯನ್ನೂ ಓದಿ. ಗೋವಾದ ಪಾಲಿನ 400 ಕೆವಿ ಮಾರ್ಗವನ್ನು ಕಾಡಿನಲ್ಲಿ ಹೊಸದಾಗಿ ಸೀಳುವ ಬದಲು ಈಗಾಗಲೇ ಇರುವ 220 ಕೆವಿ ಮಾರ್ಗದ ಕಾರಿಡಾರಿನಲ್ಲಿಯೇ ತರಬೇಕೆಂಬ ಕೇಂದ್ರೀಯ ಉನ್ನತಾಧಿಕಾರ ಸಮಿತಿಯ ಶಿಫಾರಸನ್ನು ಸುಪ್ರೀಂ ಕೋರ್ಟ್ 2022ರ ಏಪ್ರಿಲಿನಲ್ಲಿ ಒಪ್ಪಿತು. ಮೊದಲ ಸರ್ವೆಯಲ್ಲಿಯೇ ಯಾರಾದರೂ ಕೇಳಬಹುದಾಗಿದ್ದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು.

ಪತ್ರದಲ್ಲಿ ಕಲಿಯುವ ಆಸಕ್ತಿಯಿದೆ ಎಂದಷ್ಟೇ ಬರೆದರೆ ನಿಮ್ಮನ್ನು ಸ್ಕ್ಯಾನರ್ ಮುಂದೆ ಕೂರಿಸುತ್ತಾರೆ. ಪ್ರಾಥಮಿಕ ಸರ್ವೆಯಲ್ಲಿರುವ ಒಂದು ಮಾರ್ಗದ ಪರ್ಯಾಯಗಳ ಉದ್ದಕ್ಕೂ ಮಾದರಿ ತಾಕುಗಳನ್ನು ಹಾಕಿ, ಮರಗಳ ಜಾತಿ, ಎತ್ತರ, ಸಾಂದ್ರತೆಯನ್ನು ದಾಖಲಿಸಿ, ಜಡ್ಡಿ, ಹೊಳೆಯಂಚು, ಆನೆದಾರಿಗಳನ್ನು ಗುರುತಿಸಿದ ನಕ್ಷೆಯೊಂದನ್ನು ವಿಭಾಗಕ್ಕೆ ಕೊಡುತ್ತೇನೆ ಎಂದು ಬರೆಯಿರಿ. ಕಾಡಿನೊಳಗೆ ಹೋಗಲು ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಅವರ ಅನುಮತಿ ಬೇಕು, ಅದಕ್ಕೆ ಕಾಲೇಜಿನಿಂದಲೇ ಬೇರೆ ಪತ್ರ ಹೋಗಲಿ. ಉಪವಲಯದವರು ಇಲ್ಲಿಯೇ ಇದ್ದಾರೆ, ಅವರನ್ನೂ ಕೇಳಿ. ಮಳೆಗಾಲಕ್ಕೆ ಮುಂಚೆ ಕ್ಷೇತ್ರದ ಕೆಲಸ ಮುಗಿಯುವಂತೆ ದಿನಾಂಕ ಹಾಕಿ.

ಉಪವಲಯ_ಉತ್ತರಕನ್ನಡ:
ಅನುಮತಿ ಪತ್ರದಲ್ಲಿ ವಲಯದ ಹೆಸರು, ಬ್ಲಾಕ್ ಮತ್ತು ಸರ್ವೆ ನಂಬರುಗಳನ್ನು ಬರೆಯಲು ಮರೆಯಬೇಡಿ. ಬರಿಯ ತಾಲ್ಲೂಕಿನ ಹೆಸರು ಬರೆದ ಅರ್ಜಿಗಳು ಸ್ಪಷ್ಟೀಕರಣಕ್ಕೆಂದು ವಾಪಸಾಗುತ್ತವೆ. ಜೊತೆಗೆ ಒಬ್ಬ ಗಾರ್ಡ್ ಅಥವಾ ವಾಚರ್ ಬರುವಂತೆ ಅದರಲ್ಲಿಯೇ ಕೇಳಿಕೊಳ್ಳಿ. ನಮ್ಮ ವಿಭಾಗದ ವ್ಯಾಪ್ತಿಗೆ ಬರುವ ಮಾರ್ಗವಾದರೆ ಇಲ್ಲಿ ತಿಳಿಸಿ, ಜಂಟಿ ಸರ್ವೆ ಯಾವಾಗ ಎಂದು ವಿಚಾರಿಸಿ ಹೇಳುತ್ತೇನೆ.